ಬಯಲು ಚಿತ್ರಸಂಜೆ ಈ ಸಲ ಗದ್ದೆಗೆ: ಜಾಗ, ದಿನ, ದರ ಬದಲಾದದ್ದರ ಬಗ್ಗೆ ಗ್ರಾಹಕರಿಗೆ

ಆತ್ಮೀಯರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ, ಬೈಯುವವರು ಆಮೇಲೆ ಬೈಯಬಹುದು. ಟೆಂಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡುವ ನಮ್ಮ ಸಹಕಾರ ಸಂಘ ತೆರೆದ ಬಯಲಲ್ಲಿ ಸಾಹಸದ ಕಿರುಚಿತ್ರಗಳನ್ನು ತೋರಿಸುವ ಬಯಲು ಚಿತ್ರಸಂಜೆ ಈ ವರ್ಷ ಕೆರೆ ದಂಡೆಯಲ್ಲಿ ನಡೆಯುವುದಿಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ, ಕುಂತಿಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದಲ್ಲಿ, ಕೊಯ್ಲಾದ ಒಂದು ಭತ್ತದ ಗದ್ದೆಯಲ್ಲಿ ನಡೆಯುತ್ತದೆ. ಡಿಸೆಂಬರ್ ಅಲ್ಲ, ಫೆಬ್ರವರಿ 21, ಶನಿವಾರ. ಪರದೆ 30 ಅಡಿಯಿಂದ 20 ಅಡಿಗೆ ಇಳಿದಿದೆ. ಸೀಟು 450 ಇದ್ದದ್ದು 300 ಆಗಿದೆ. ಟಿಕೆಟ್ 150 ರೂಪಾಯಿ ಇದ್ದದ್ದು 350. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 150.

ಕೆರೆ ದಂಡೆ ಬಿಟ್ಟದ್ದಕ್ಕೆ ಯಾರೂ ನಮ್ಮನ್ನು ಓಡಿಸಿದ್ದು ಕಾರಣವಲ್ಲ. ಹಾಗೊಂದು ಸುದ್ದಿ ಹಬ್ಬಿದೆ, ಅದು ಸುಳ್ಳು. ನೀರುಕಾಗೆ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮರಕ್ಕೆ ಮರಳಿ ಕೂರುವ ಹೊತ್ತಿಗೇ ನಮ್ಮ ಸೌಂಡ್ ಚೆಕ್ ಶುರುವಾಗುತ್ತಿತ್ತು. ಒಮ್ಮೆ ಕೂತ ಹಕ್ಕಿ ಕತ್ತಲಲ್ಲಿ ಎದ್ದರೆ ಮತ್ತೆ ಕೊಂಬೆ ಹುಡುಕಿಕೊಳ್ಳುವುದು ಕಷ್ಟ. ಪರದೆ ಮೇಲೆ ಹಕ್ಕಿ ಉಳಿಸಿ ಅನ್ನುತ್ತಾ ಬೆನ್ನ ಹಿಂದೆ ಹಕ್ಕಿ ಎಬ್ಬಿಸುವ ಕೆಲಸ ಇನ್ನು ಸಾಕು ಅನ್ನಿಸಿತು. ಇದನ್ನು ಎರಡು ವರ್ಷ ಮೊದಲೇ ಮಾಡಬೇಕಿತ್ತು. ಆ ತಪ್ಪು ನಮ್ಮದೇ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರೋಣ. ಅಂಗಡಿಗೆ ಟೆಂಟ್ ವಾಪಸ್ ಕೊಡಲು ಬಂದವರು, ವಾಟ್ಸಾಪ್‌ನಲ್ಲಿ ಬರೆದವರು, ದೇವರಾಜ ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕವರು, ಎಲ್ಲರದೂ ಒಂದೇ ಮಾತು: "ಯೂಟ್ಯೂಬಲ್ಲಿ ಬಿಟ್ಟಿ ಸಿಗೋದಕ್ಕೆ ಮುನ್ನೂರೈವತ್ತು ರೂಪಾಯಾ?"

ಈ ಸಲದ ಏಳು ಕಿರುಚಿತ್ರಗಳಲ್ಲಿ ಮೂರು ಅಂತರ್ಜಾಲದಲ್ಲಿ ಸಿಗುತ್ತವೆ, ನಿಜ. ಉಳಿದ ನಾಲ್ಕು ಇನ್ನೂ ಚಿತ್ರೋತ್ಸವಗಳ ಸುತ್ತಿನಲ್ಲಿವೆ, ಎಲ್ಲಿಯೂ ಹಾಕಿಲ್ಲ. ಸಿಗುವ ಮೂರನ್ನೂ ನೀವು ಮನೆಯಲ್ಲಿ ನೋಡುವುದು ಬೇರೆ, ನಾವು ಮುನ್ನೂರು ಜನರನ್ನು ಕೂರಿಸಿ ತೋರಿಸುವುದು ಬೇರೆ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಟಿಕೆಟ್ ಇಡದೆ ತೋರಿಸಿದರೂ ಬೇಕು. ಚಿತ್ರ ಎಷ್ಟು ನಿಮಿಷದ್ದು, ಎಷ್ಟು ಜನ ನೋಡುತ್ತಾರೆ, ಟಿಕೆಟ್ ಇದೆಯೋ ಇಲ್ಲವೋ ಎಂಬುದರ ಮೇಲೆ ಅವರು ಹಣ ಕೇಳುತ್ತಾರೆ. ನಾಲ್ಕು ಚಿತ್ರಗಳಿಗೆ ಡಾಲರ್‌ನಲ್ಲಿ ಕಟ್ಟಬೇಕು, ಅದರ ಮೇಲೆ ಬ್ಯಾಂಕಿನ ಕಮಿಷನ್. ಏಳಕ್ಕೂ ಸೇರಿ 27,000 ರೂಪಾಯಿ. ಬಂಡೆಗೆ ನೇತುಬಿದ್ದು, ಹಿಮದಲ್ಲಿ ಕೂತು, ಹೊಳೆಯಲ್ಲಿ ದೋಣಿ ಮಗುಚಿಸಿಕೊಂಡು ತೆಗೆದ ಚಿತ್ರಕ್ಕೆ ಇದು ಹೆಚ್ಚು ಅಂತ ನಮಗಂತೂ ಅನ್ನಿಸುವುದಿಲ್ಲ.

ಹಣ ಕಟ್ಟಿದ ಮೇಲೆ ಅವರು ಕಳಿಸುವ ಫೈಲೂ ಬೇರೆ. ಅಂತರ್ಜಾಲದಲ್ಲಿ ಓಡುವ ವಿಡಿಯೊವನ್ನು ನಿಮಿಷಕ್ಕೆ 30–40 ಎಂಬಿಯಷ್ಟಕ್ಕೆ ಹಿಂಡಿರುತ್ತಾರೆ. ಫೋನಿನಲ್ಲಿ ಅದು ಗೊತ್ತಾಗುವುದಿಲ್ಲ. ಇಪ್ಪತ್ತು ಅಡಿ ಪರದೆಗೆ ಬಿಟ್ಟಾಗ ಮುಸ್ಸಂಜೆಯ ಕಾಡು, ಮಂಜು ಕವಿದ ಹಿಮದ ಇಳಿಜಾರು, ಟೆಂಟಿನೊಳಗಿನ ಟಾರ್ಚ್ ಬೆಳಕು, ಇವೆಲ್ಲ ಚೌಕ ಚೌಕವಾಗಿ ಒಡೆಯುತ್ತವೆ. ಸಾಹಸ ಚಿತ್ರಗಳಲ್ಲಿ ಇಂಥ ದೃಶ್ಯವೇ ಅರ್ಧ. ನಮಗೆ ಬರುವ ಫೈಲು ನಿಮಿಷಕ್ಕೆ 300 ಎಂಬಿಗೂ ಮೇಲೆ.

ಇನ್ನು ಕನ್ನಡ ಅಡಿಬರಹ. ಯಂತ್ರದಿಂದ ಮಾಡಿಸಬಾರದಾ ಅಂತ ಕೇಳಿದ್ದೀರಿ. ತೊಂದರೆ ಅನುವಾದದಲ್ಲಿ ಮಾತ್ರ ಇಲ್ಲ. ಪ್ರೊಜೆಕ್ಟರ್ ಜೊತೆ ಬರುವ ಎಷ್ಟೋ ಪ್ಲೇಯರ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ಹಗ್ಗ' ಅಂತ ಬರೆದು ಕೊಟ್ಟರೆ ಪರದೆ ಮೇಲೆ 'ಹಗ್‌ಗ' ಅಂತ ಬರುತ್ತದೆ. ಬಂಡೆ ಹತ್ತುವ ಚಿತ್ರದಲ್ಲಿ ಹಗ್ಗ ಅನ್ನುವ ಮಾತು ಎಷ್ಟು ಸಲ ಬರುತ್ತದೆ ನೀವೇ ಲೆಕ್ಕ ಹಾಕಿ. ಅದಕ್ಕೇ ಅಕ್ಷರಗಳನ್ನು ಮೊದಲೇ ಚಿತ್ರದ ಮೇಲೆ ಅಚ್ಚು ಹಾಕಿಸಿ, ಹೊಸ ಫೈಲು ಮಾಡಿಸಿ, ಪೂರ್ತಿ ಒಮ್ಮೆ ಓಡಿಸಿ ನೋಡುತ್ತೇವೆ. ಇಂಗ್ಲಿಷಿನ ನಾಲ್ಕು ಪದ ಕನ್ನಡದಲ್ಲಿ ಎರಡಾದರೂ ಅಗಲ ಜಾಸ್ತಿ ತಿನ್ನುತ್ತದೆ. ಎರಡು ಸಾಲು ಮೀರುವಂತಿಲ್ಲ, ಒಂದೂವರೆ ಸೆಕೆಂಡಿಗೆ ಮಾಯವಾಗುವಂತಿಲ್ಲ. ಚಿತ್ರಕ್ಕೆ 1,500 ರೂಪಾಯಿಯಂತೆ 10,500. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಬರುವವರು ಇದನ್ನು ದುಂದು ಅನ್ನಲಾರರು.

ಪೂರ್ತಿ ಖರ್ಚು 1,04,000 ರೂಪಾಯಿ, ಸೀಟಿಗೆ 347. ಏರಿದ ಇನ್ನೂರು ರೂಪಾಯಿ ಎಲ್ಲಿಗೆ ಹೋಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇವೆ. ಹಳೆಯ ಜಾಗದಲ್ಲೇ ಮಾಡಿದ್ದರೂ 77,500 ಆಗುತ್ತಿತ್ತು. ಅದನ್ನು 450 ಸೀಟಿಗೆ ಹಂಚಿದರೆ 172. ಅಂದರೆ 150ಕ್ಕೆ ಟಿಕೆಟ್ ಕೊಟ್ಟಾಗ ಪ್ರತಿ ಸೀಟಿಗೂ 22 ರೂಪಾಯಿ ಕೈಯಿಂದ ಹೋಗುತ್ತಿತ್ತು, ನಾವು ಹೇಳಿರಲಿಲ್ಲ ಅಷ್ಟೇ. ಅದೇ ಖರ್ಚನ್ನು 300 ಸೀಟಿಗೆ ಹಂಚಿದಾಗ ಇನ್ನೊಂದು 86 ಏರಿತು. ಕೆರೆ ದಂಡೆಯಲ್ಲಿ ಕರೆಂಟು, ಶೌಚಾಲಯ, ಸಮತಟ್ಟು ನೆಲ ಎಲ್ಲ ಇತ್ತು. ಗದ್ದೆಯಲ್ಲಿ ಒಂದೂ ಇಲ್ಲ. ಜನರೇಟರಿಗೆ ಡೀಸೆಲ್ ಸೇರಿ 9,500, ಸಂಚಾರಿ ಶೌಚಾಲಯಕ್ಕೆ 9,000, ಗದ್ದೆ ಬಾಡಿಗೆ ಮತ್ತು ಸಮ ಮಾಡಿಸಲು 8,000. ಇದರ ಪಾಲು ಸೀಟಿಗೆ 88. ಇಷ್ಟಾದರೂ ಮಕ್ಕಳ ಟಿಕೆಟ್ ಅಗ್ಗ, ಆ ಊರಿನವರಿಗೆ 20 ಸೀಟು ಬಿಟ್ಟಿ, ಹಾಗಾಗಿ ಎಲ್ಲ ಸೀಟು ತುಂಬಿದರೂ ಸುಮಾರು 14,000 ಕೊರತೆ ಬೀಳುತ್ತದೆ. ಟೆಂಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಯ ಲಾಭದಿಂದ ಅದನ್ನು ತುಂಬುತ್ತೇವೆ. ಕಾರ್ಯಕ್ರಮ ಮಾಡಿ ದುಡ್ಡು ಮಾಡುತ್ತಿದ್ದಾರೆ ಅನ್ನುವವರು ಅಂಗಡಿಗೆ ಬಂದು ಲೆಕ್ಕದ ಪುಸ್ತಕ ನೋಡಬಹುದು. ಕಾಫಿ ನಮ್ಮದೇ.

ಪರದೆ ಚಿಕ್ಕದು ಮಾಡಿದ್ದನ್ನು ಜಿಪುಣತನ ಅಂದುಕೊಳ್ಳಬೇಡಿ. ನಮ್ಮ ಪ್ರೊಜೆಕ್ಟರ್ 6,000 ಲುಮೆನ್ಸಿನದು (ಲುಮೆನ್ಸ್ ಅಂದರೆ ಯಂತ್ರ ಹೊರಬಿಡುವ ಬೆಳಕಿನ ಅಳತೆ). 30 ಅಡಿ ಅಗಲದ ಪರದೆ ಸುಮಾರು 510 ಚದರ ಅಡಿ. ಚದರ ಅಡಿಗೆ 12 ಲುಮೆನ್ಸ್ ಕೂಡ ಬೀಳುವುದಿಲ್ಲ. ಚಿತ್ರಮಂದಿರಗಳಲ್ಲಿ ಪರದೆಯ ಹೊಳಪಿಗೆ ಇರುವ ಮಾನದಂಡ 14 ಫುಟ್-ಲ್ಯಾಂಬರ್ಟ್, ಸಾದಾ ಬಿಳಿ ಪರದೆಯಲ್ಲಿ ಅದು ಚದರ ಅಡಿಗೆ ಹೆಚ್ಚುಕಡಿಮೆ 14 ಲುಮೆನ್ಸ್‌ಗೆ ಸಮ. ಹೋದ ಸಲ ಕಾಡಿನ ದೃಶ್ಯಗಳು ಕಪ್ಪು ಕಪ್ಪಾಗಿ ಕಂಡದ್ದಕ್ಕೆ ಇದೇ ಕಾರಣ. 20 ಅಡಿ ಪರದೆ 225 ಚದರ ಅಡಿ, ಅದೇ ಯಂತ್ರದಿಂದ 26 ಮೀರುತ್ತದೆ. ದೊಡ್ಡ ಪರದೆಯಲ್ಲೇ ಅಷ್ಟು ಬೆಳಕು ಬೇಕೆಂದರೆ 13,000 ಲುಮೆನ್ಸಿಗೂ ಮೇಲಿನ ಯಂತ್ರ ತರಬೇಕು, ಆಗ ಟಿಕೆಟ್ ದರ ಕೇಳಿ ನೀವೇ ಪರದೆ ಹರಿದುಹಾಕುತ್ತಿದ್ದಿರಿ.

ಸೀಟು 300 ಆದದ್ದೂ ಇದರಿಂದಲೇ. ಇಪ್ಪತ್ತು ಅಡಿ ಪರದೆಗೆ ಮೊದಲ ಸಾಲು 30 ಅಡಿ ದೂರ, ಕೊನೆಯ ಸಾಲು 75 ಅಡಿಯೊಳಗೆ ಇರಬೇಕು. ನಡುವಿನ 45 ಅಡಿಯಲ್ಲಿ ಮೂರು ಮೂರು ಅಡಿಗೆ ಹದಿನೈದು ಸಾಲು, ಸಾಲಿಗೆ ಇಪ್ಪತ್ತು ಜನ. ಮುಂದಿನ ಒಂಬತ್ತು ಸಾಲಿಗೆ ಜಮಖಾನ, ಹಿಂದಿನ ಆರಕ್ಕೆ ಕುರ್ಚಿ. ಗದ್ದೆ ಮಟ್ಟ, ಚಿತ್ರಮಂದಿರದ ಹಾಗೆ ಇಳಿಜಾರಿಲ್ಲ. ಅದಕ್ಕೇ ಪರದೆಯ ಕೆಳ ಅಂಚನ್ನು ನೆಲದಿಂದ ಐದು ಅಡಿ ಎತ್ತಿದ್ದೇವೆ. ಇಲ್ಲವಾದರೆ ಮುಂದಿನವರ ತಲೆ ಮೊದಲು ನುಂಗುವುದು ಅಡಿಬರಹವನ್ನೇ. ದಯವಿಟ್ಟು ಜಮಖಾನದ ಸಾಲಿಗೆ ಮಡಚುವ ಕುರ್ಚಿ ತರಬೇಡಿ.

ಎತ್ತಿದಷ್ಟೂ ಗಾಳಿಯ ಕಾಟ. ಗಂಟೆಗೆ 36 ಕಿಲೋಮೀಟರ್ ಗಾಳಿ ಬೀಸಿದರೆ ಈ ಅಳತೆಯ ಪರದೆಯನ್ನು ಸುಮಾರು 150 ಕಿಲೋ ತೂಕದಷ್ಟು ಬಲದಿಂದ ದಬ್ಬುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ದಬ್ಬುವ ಬಲ ನಾಲ್ಕರಷ್ಟು. ಪರದೆಗೆ ಅಲ್ಲಲ್ಲಿ ತೂತು ಮಾಡಿ ಅಂತ ಸಲಹೆ ಕೊಟ್ಟವರಿದ್ದಾರೆ, ಅದರಿಂದ ಚಿತ್ರ ಕೆಡುತ್ತದೆಯೇ ಹೊರತು ಹೊರೆ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಎರಡೂ ಕಾಲಿಗೆ 200 ಲೀಟರಿನ ನೀರು ತುಂಬಿದ ಡ್ರಮ್ಮು ಎರಡೆರಡು, ಹಿಂದಕ್ಕೂ ಮುಂದಕ್ಕೂ ಹಗ್ಗ. ಆ ಹಗ್ಗಗಳಿಗೆ ಬಿಳಿ ಬಟ್ಟೆ ಕಟ್ಟಿರುತ್ತೇವೆ, ಮಕ್ಕಳನ್ನು ಅತ್ತ ಓಡಲು ಬಿಡಬೇಡಿ. ಗಾಳಿ ಗಂಟೆಗೆ 28 ಕಿಲೋಮೀಟರ್ ದಾಟಿದರೆ ಪರದೆ ಇಳಿಸುತ್ತೇವೆ. ಆಗ ಕೂಗಾಡಿದರೂ ಪ್ರಯೋಜನವಿಲ್ಲ.

ಹೋದ ಸಲ ಎರಡನೇ ಚಿತ್ರದ ನಡುವೆ ಹನ್ನೊಂದು ನಿಮಿಷ ಶಬ್ದ ನಿಂತದ್ದಕ್ಕೆ ಕ್ಷಮೆ ಇರಲಿ. ಟೀ ಕಾಯಿಸುವ ಎರಡು ಕಿಲೋವ್ಯಾಟಿನ ಕೆಟಲ್ಲು ಆಂಪ್ಲಿಫೈಯರ್ ಇದ್ದ ಲೈನಿಗೇ ಸಿಕ್ಕಿತ್ತು. ಕೆಟಲ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿದು ಆಂಪ್ಲಿಫೈಯರ್ ತನ್ನನ್ನು ತಾನೇ ಆರಿಸಿಕೊಂಡಿತು. ಟೀ ಅಂಗಡಿಯವರನ್ನು ದೂರಬೇಡಿ, ಆ ಪ್ಲಗ್ ತೋರಿಸಿದವರು ನಾವೇ. ಈ ಸಲ ಪ್ರೊಜೆಕ್ಟರ್ ಮತ್ತು ಸೌಂಡ್ ಪ್ರತ್ಯೇಕ ಲೈನಿನಲ್ಲಿ, ಯುಪಿಎಸ್ ಮೂಲಕ. ಟೀ ಗ್ಯಾಸ್ ಒಲೆಯ ಮೇಲೆ. ಮುಂದೆ ಎರಡು ದೊಡ್ಡ ಬಾಕ್ಸ್ ಇಟ್ಟು ಊರು ಎಬ್ಬಿಸುವ ಬದಲು ನಾಲ್ಕು ಚಿಕ್ಕವನ್ನು ಸಾಲುಗಳ ಪಕ್ಕಕ್ಕೇ ಹಂಚಿದ್ದೇವೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ. ನಾವು ಒಂಬತ್ತು ಐದಕ್ಕೆಲ್ಲ ಮುಗಿಸುತ್ತೇವೆ.

ಏಳೂಕಾಲಿಗೆ ಶುರು ಯಾಕೆ, ಆರೂವರೆಗೆ ಯಾಕಲ್ಲ? ಆ ದಿನ ಸೂರ್ಯ ಮುಳುಗುವುದೇ ಆರೂವರೆ ಹೊತ್ತಿಗೆ. ಮುಕ್ಕಾಲು ಗಂಟೆ ಕಳೆಯದೆ ಆಕಾಶ ಪೂರ್ತಿ ಕಪ್ಪಾಗದು. ಪರದೆಯ ಬೆನ್ನು ಪಡುವಣಕ್ಕಿದೆ, ಆದರೂ ಆ ಹೊತ್ತು ಬೇಕೇ ಬೇಕು. ಹುಣ್ಣಿಮೆ ನೋಡಿಕೊಳ್ಳಿ ಅಂದವರಿಗೆ: ತುಂಬು ಚಂದ್ರನ ಬೆಳಕು 0.3 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ದಾಟುವುದು ಅಪರೂಪ, ಪ್ರೊಜೆಕ್ಟರಿನದು ಪರದೆ ಮೇಲೆ 280ರ ಆಸುಪಾಸು. ಚಂದ್ರನಿಂದ ಏನೂ ಆಗುವುದಿಲ್ಲ. ಪಕ್ಕದವರ ಮೊಬೈಲ್ ಟಾರ್ಚಿನಿಂದ ಆಗುತ್ತದೆ.

ಫೆಬ್ರವರಿಗೆ ಹೋದದ್ದು ಗದ್ದೆ ಒಣಗಲಿ ಅಂತ. ಡಿಸೆಂಬರಿನಲ್ಲಿ ಪೈರು ನಿಂತಿರುತ್ತದೆ ಇಲ್ಲವೇ ಕೊಯ್ಲು ನಡೆದಿರುತ್ತದೆ, ಸಾಲದ್ದಕ್ಕೆ ಇಬ್ಬನಿ ಬಿದ್ದು ಲೆನ್ಸು ಮಸುಕಾಗುತ್ತದೆ. ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ನೀರು (ಸರದಿಯ ಮೇಲೆ ಬಿಡುವ ನೀರು) ಬಿಟ್ಟು ಪಕ್ಕದ ಗದ್ದೆಗೆ ಹಾಯಿಸಿದರೆ ಒಣಗಿದ ಗದ್ದೆಯೂ ಎರಡು ದಿನದಲ್ಲಿ ಜೌಗು ಹಿಡಿಯುತ್ತದೆ. ಜನರೇಟರ್ ಗಾಡಿ ಹೂತರೆ ಎತ್ತಲು ಟ್ರ್ಯಾಕ್ಟರ್ ಬೇಕು. ಅದಕ್ಕಾಗಿ ಏರಿ ಪಕ್ಕದ ಮೇಲ್ಗದ್ದೆ ಆರಿಸಿದ್ದೇವೆ. ಹಾಗಿದ್ದೂ ನೀರು ಬಂದರೆ ಒಂದು ವಾರ ಮುಂದಕ್ಕೆ, ಫೆಬ್ರವರಿ 28ಕ್ಕೆ. ಆಲೆಮನೆ ಹೊಗೆಯದೂ ಒಂದು ಲೆಕ್ಕವಿದೆ. ಹೊಗೆ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದರೆ ಬೆಳಕಿನ ಕೋಲು ಚೆಂದ ಕಾಣುತ್ತದೆ, ಚಿತ್ರ ಮಾತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹತ್ತಿರದ ಆಲೆಮನೆಯವರು ಆ ಸಂಜೆ ಒಲೆ ಹಚ್ಚುವುದಿಲ್ಲ ಅಂತ ಒಪ್ಪಿದ್ದಾರೆ, ಅವರ ಮನೆಯವರಿಗೂ ಸೀಟಿದೆ.

ಕೂಳೆಯನ್ನು, ಅಂದರೆ ಕೊಯ್ಲಾದ ಮೇಲೆ ಉಳಿದ ಭತ್ತದ ಬುಡವನ್ನು, ಸುಡಿಸಿಲ್ಲ. ನೆಲಮಟ್ಟಕ್ಕೆ ಕೊಯ್ಸಿ ರೋಲರ್ ಹೊಡೆಸಿದ್ದೇವೆ. ಆದರೂ ಒಣಗಿದ ಕೂಳೆ ಹವಾಯಿ ಚಪ್ಪಲಿಯನ್ನು ತೂರಿ ಚುಚ್ಚುತ್ತದೆ, ಶೂ ಹಾಕಿ ಬನ್ನಿ. ಇಲಿ ಇರುವಲ್ಲಿ ಕೊಳಕುಮಂಡಲ ಹಾವು ಇರಬಹುದು. ಓಡಾಡುವ ದಾರಿಗೆ ಮೊಣಕಾಲೆತ್ತರದ ಮಂದ ದೀಪ ಹಾಕುತ್ತೇವೆ, ಬದುವಿನ ಮೇಲೆ ಕೂರುವುದು, ಹುಲ್ಲಿನ ಮೆದೆಗೆ ಒರಗುವುದು ಬೇಡ. ಪ್ರಥಮ ಚಿಕಿತ್ಸೆಯವರು ಮತ್ತು ಒಂದು ವಾಹನ ಕೊನೆಯವರು ಹೊರಡುವ ತನಕ ಅಲ್ಲೇ ಇರುತ್ತದೆ.

ಮೈಸೂರಿನಿಂದ ಎರಡು ಬಸ್ಸು, ಹೋಗಿ ಬರಲು 100 ರೂಪಾಯಿ. ಸಂಜೆ ಐದೂವರೆಗೆ ಅಂಗಡಿ ಮುಂದಿನಿಂದ, ವಾಪಸ್ ಒಂಬತ್ತೂವರೆಗೆ. ಮಂಡ್ಯದಿಂದ ಬರುವವರು ಸ್ವಂತ ಗಾಡಿಯಲ್ಲೇ ಬರಬೇಕು, ಇದೊಂದು ನಮ್ಮಿಂದ ಆಗಲಿಲ್ಲ. ಬೈಕು ನಾಲೆ ಏರಿಯ ಮೇಲೆ ನಿಲ್ಲಿಸಬೇಡಿ, ಕಬ್ಬಿನ ಗಾಡಿಗಳಿಗೆ ಇರುವ ದಾರಿ ಅದೊಂದೇ.

ಡಿಸೆಂಬರಿಗೆಂದು 150 ರೂಪಾಯಿ ಕೊಟ್ಟು ಸೀಟು ಹಿಡಿದಿದ್ದವರು ಹೆಚ್ಚಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅದೇ ರಸೀದಿ ತನ್ನಿ, ಅದೇ ಸೀಟು ನಿಮ್ಮದು. ಬರಲಾಗದವರು ಫೆಬ್ರವರಿ 10ರೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್. ಗಾಳಿಗೆ ಪರದೆ ಇಳಿಸಬೇಕಾಗಿ ಬಂದು, ಅಷ್ಟರಲ್ಲಿ ಏಳರಲ್ಲಿ ನಾಲ್ಕು ಚಿತ್ರಗಳಾದರೂ ಮುಗಿದಿರದಿದ್ದರೆ ಅರ್ಧ ಹಣ ವಾಪಸ್, ಅಂಗಡಿಗೆ ಬಂದು ಕೇಳಿ ಪಡೆಯಬಹುದು. ಇಷ್ಟು ವರ್ಷ ಬಂದವರ ಮುಖ ನಮಗೆ ಗೊತ್ತು, ರಸೀದಿ ಕಳೆದಿದ್ದರೂ ಬನ್ನಿ.

ಇಂತಿ,
ಸಹಕಾರ ಸಂಘದ ಚಿತ್ರಸಂಜೆ ಸಮಿತಿ
ಮೈಸೂರು