ನನ್ನ ಕಣ್ಣಾಗಿ ಓದಿದವರಿಗೆ

ನಮ್ಮ ಬೀದಿಯ ಎಲ್ಲರಿಗೂ ನಮಸ್ಕಾರ.

ಇನ್ನು ಮೇಲೆ ದಿನಾ ಸ್ವಲ್ಪ ಹೊತ್ತು ಓದಬಹುದು, ಬರೆಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮೊದಲು ಈ ಕಾಗದ ಬರೆದು ಮುಗಿಸೋಣ ಅಂತ ಕೂತಿದ್ದೇನೆ.

ನನ್ನ ಕಣ್ಣಿನ ಕಥೆ ನಿಮಗೆ ಗೊತ್ತೇ ಇದೆ. ಕಣ್ಣಿನ ಹಿಂಬದಿಯ ಪದರ, ರೆಟಿನಾ, ಕಿತ್ತುಕೊಂಡಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಮೇಲಕ್ಕೇ ತೇಲುತ್ತದೆ, ಹಾಗಾಗಿ ಮುಖ ಕೆಳಗೆ ಮಾಡಿದ್ದರೆ ಮಾತ್ರ ಕಣ್ಣಿನ ಹಿಂಬದಿಯನ್ನು ಒತ್ತಿ ಹಿಡಿಯುತ್ತದೆಯಂತೆ. ಬೋರಲು ಮಲಗಿ ಮಂಚದ ಅಂಚಿನಿಂದ ನೆಲ ನೋಡುವುದೇ ನನ್ನ ಕೆಲಸವಾಯಿತು. ನೋವು ತಡೆದುಕೊಂಡೆ. ಪುಸ್ತಕವಿಲ್ಲದ ಹಗಲು ತಡೆಯಲು ಆಗಲಿಲ್ಲ.

ಆಗ ಎದುರುಮನೆ ಮೇಷ್ಟ್ರು ಎಸ್.ಎಲ್. ಭೈರಪ್ಪನವರ 'ಭಿತ್ತಿ' ಹಿಡಿದುಕೊಂಡು ಬಂದರು. "ನೀವು ಸುಮ್ನೆ ಮಲಗಿರಿ ಅಮ್ಮಾ, ನಾನು ಓದ್ತೀನಿ" ಅಂದರು. ಅವರ ಗಂಟಲು ಒಂದೇ ದಿನಕ್ಕೆ ಕಟ್ಟಿಕೊಂಡಿತು. ಮರುದಿನ ಮೂಲೆಮನೆ ಅತ್ತಿಗೆ ಬಂದರು. ಆಮೇಲೆ ಒಬ್ಬೊಬ್ಬರು ಒಂದೊಂದು ವಾರ ಹಂಚಿಕೊಂಡಿರಿ.

1996ರಲ್ಲಿ ಬಂದ ಈ ಆತ್ಮಕಥೆಯನ್ನು ಹಿಂದೆಯೇ ಓದಿದ್ದೆ. ಕಿವಿಯಲ್ಲಿ ಕೇಳಿದಾಗ ಅದರ ತೂಕ ಬೇರೆಯೇ ಆಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಹುಡುಗ. ಪ್ಲೇಗು ಒಡಹುಟ್ಟಿದವರನ್ನು, ತಾಯಿಯನ್ನು ಕೊಂಡೊಯ್ಯಿತು. ಓದು ಬಿಟ್ಟು ಊರೂರು ಅಲೆದ, ಮುಂಬಯಿಯ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತ, ಸಾಧುಗಳ ಹಿಂದೆ ಹೋದ. ಮತ್ತೆ ನಮ್ಮ ಮೈಸೂರಿಗೇ ಬಂದು ಓದು ಮುಂದುವರಿಸಿದ. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದ. ವಾರಾನ್ನ ಉಂಡು ಓದಿದ ಹುಡುಗ ಅವನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದನ್ನು ಕೇಳುತ್ತಾ ಮಲಗಿದ್ದಾಗ ಅನ್ನಿಸಿತು, ನೀವು ನನಗೆ ಹಾಕುತ್ತಿದ್ದುದೂ ವಾರಾನ್ನವೇ.

'ಭಿತ್ತಿ' ಮುಗಿದ ಮೇಲೆ 'ಗೃಹಭಂಗ' ಶುರುವಾಯಿತು. 1970ರ ಕಾದಂಬರಿ. ಕಥೆಯ ಅತ್ತೆ ಗಂಗಮ್ಮನ ಬೈಗುಳ ಬಂದಾಗಲೆಲ್ಲ ಮೂಲೆಮನೆ ಅತ್ತಿಗೆ ಎದ್ದು ಹೋಗಿ ಕಿಟಕಿ ಹಾಕಿ ಬಂದು ಓದುತ್ತಿದ್ದರು. ಆದರೆ ಸೊಸೆ ನಂಜಮ್ಮನ ಭಾಗ ಓದುವಾಗ ಅವರ ದನಿಯೇ ಬದಲಾಗುತ್ತಿತ್ತು. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆಯುವುದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುವುದು. ಪ್ಲೇಗಿನ ಅಧ್ಯಾಯಕ್ಕೆ ಬಂದಾಗ ಅತ್ತಿಗೆಗೆ ಮುಂದೆ ಓದಲು ಆಗಲಿಲ್ಲ. ಅಳಬಾರದು ಅಂತ ಡಾಕ್ಟರು ನನಗೇನೂ ಹೇಳಿರಲಿಲ್ಲ. ಇಬ್ಬರೂ ಅತ್ತೆವು. ತನ್ನ ತಾಯಿಯ ಬದುಕನ್ನೇ ಕಾದಂಬರಿಯಾಗಿಸುವಾಗ ಎಲ್ಲೂ ಕನಿಕರ ಬೇಡದ ಆ ಬರವಣಿಗೆಗೆ ನಾನು ತಲೆಬಾಗುತ್ತೇನೆ. ನನ್ನ ಮಟ್ಟಿಗೆ ಅವರ ಪುಸ್ತಕಗಳಲ್ಲಿ ಇದೇ ದೊಡ್ಡದು. ಮೇಷ್ಟ್ರು 'ಪರ್ವ' ಅನ್ನುತ್ತಾರೆ. ಅವರ ಎಲ್ಲ ಕಾದಂಬರಿಗಳನ್ನೂ ನಾನು ಒಪ್ಪಿದವಳಲ್ಲ. 'ಆವರಣ'ದ ಬಗ್ಗೆ ಮೇಷ್ಟ್ರಿಗೂ ನನಗೂ ಇವತ್ತಿಗೂ ವಾದ ಮುಗಿದಿಲ್ಲ.

ಭೈರಪ್ಪನವರು ನಮ್ಮ ಕುವೆಂಪುನಗರದಲ್ಲೇ ಬಾಳಿದವರು. 'ದಾಟು'ವಿಗೆ 1975ರ ಸಾಹಿತ್ಯ ಅಕಾಡೆಮಿ, ಮಂದ್ರಕ್ಕೆ ಸರಸ್ವತಿ ಸಮ್ಮಾನ್, 2023ರಲ್ಲಿ ಪದ್ಮಭೂಷಣ, ಎಲ್ಲ ಬಂದವು. 2019ರ ದಸರಾ ಉದ್ಘಾಟಿಸಿದವರೂ ಅವರೇ. 2025ರ ಸೆಪ್ಟೆಂಬರ್ 24ರಂದು, ದಸರಾ ನಡೆಯುತ್ತಿರುವಾಗಲೇ ಹೋದರು. ಅವರಿಗೆ ಋಣ ಹೇಳುವ ದಾರಿ ಈಗ ಓದುವುದೊಂದೇ.

ನಿಮ್ಮ ಋಣ ಮಾತ್ರ ಎದುರಿಗೇ ನಿಂತು ಹೇಳಬಹುದಲ್ವಾ? ಮೇಷ್ಟ್ರೇ, ನಿಮಗೆ. ಅತ್ತಿಗೆ, ನಿಮಗೆ. ಹಾಲಿನ ಬೂತಿನ ಹುಡುಗನಿಗೆ ಜಾಸ್ತಿ. ಕನ್ನಡ ಓದಿ ಅಭ್ಯಾಸ ತಪ್ಪಿದೆ ಅಂತ ಮೊದಮೊದಲು ನಾಚುತ್ತಿದ್ದವನು, ಕೆಲಸ ಮುಗಿಸಿ ಬಂದು 'ವಂಶವೃಕ್ಷ'ದ ನಂಜನಗೂಡಿನ ಭಾಗ ಪೂರ್ತಿ ಓದಿದ. ಕಪಿಲೆಯ ದಡದಲ್ಲೇ ಆಡಿ ಬೆಳೆದವನಂತೆ ಅವನು. ಹೊಳೆ ಬಂದ ಕಡೆಯೆಲ್ಲ ನಿಲ್ಲಿಸಿ, "ಅಜ್ಜಿ, ಈ ಜಾಗ ನಂಗೊತ್ತು" ಅಂತ ಹೇಳದೆ ಮುಂದೆ ಹೋಗುತ್ತಿರಲಿಲ್ಲ. ಹೊತ್ತುಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿದ ನನ್ನ ಸೊಸೆಗೆ, ಬರುವವರಿಗೆಲ್ಲ ಬೇಸರವಿಲ್ಲದೆ ಕಾಫಿ ಕೊಟ್ಟಿದ್ದಕ್ಕೂ ಸೇರಿಸಿ, ಧನ್ಯವಾದ.

ಬರುವ ಭಾನುವಾರ ಸಂಜೆ ನಮ್ಮ ಮನೆಯಲ್ಲಿ 'ಪರ್ವ' ಶುರು ಮಾಡೋಣ. ದೊಡ್ಡ ಪುಸ್ತಕ, ಸಾವಕಾಶವಾಗಿ ಓದೋಣ. ಮೊದಲ ಪುಟಗಳನ್ನು ನಾನು ಓದುತ್ತೇನೆ, ಕಣ್ಣು ಸೋತರೆ ಮೇಷ್ಟ್ರು ಮುಂದುವರಿಸಲಿ. ಎಲ್ಲರೂ ಬನ್ನಿ.