ದೊಡ್ಡಪ್ಪನ ಪತ್ರ: ಬಿಚ್ಚುವ ಕೆಲಸಕ್ಕೆ ಹೊರಟ ಸಹನಾಗೆ

ದಾವಣಗೆರೆ

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಅಣುಸ್ಥಾವರದ ಹಳೆಯ ರಿಯಾಕ್ಟರ್ ಬಿಚ್ಚುವ ಕೆಲಸದ ತರಬೇತಿಗೆ ಹೊರಟಿದ್ದೀಯೆಂದು ನಿಮ್ಮಪ್ಪ ಹೇಳಿದ ದಿನದಿಂದ ಬರೆಯಬೇಕೆಂದಿದ್ದೆ. ಮೂವತ್ತೆಂಟು ವರ್ಷ ಗುಜರಿ ಅಂಗಡಿಯಲ್ಲಿ ಕೂತವನು ನಾನು. ಇಲ್ಲಿಯ ಹತ್ತಿ ಮಿಲ್ಲುಗಳು ಮುಚ್ಚಿದ ಮೇಲೆ ಎಷ್ಟೋ ಪೈಪು, ಶಾಫ್ಟು ನನ್ನ ತಕ್ಕಡಿ ಹತ್ತಿ ಹೋಗಿವೆ. ಅಣುವಿದ್ಯೆ ನನಗೆ ಗೊತ್ತಿಲ್ಲ. ಬಿಚ್ಚುವುದು, ಆರಿಸುವುದು ಗೊತ್ತು.

ಆರಿಸುವ ಕೆಲಸವನ್ನು ಬಿಚ್ಚಿದ ಜಾಗದಲ್ಲೇ ಮುಗಿಸು ತಾಯಿ. ಒಮ್ಮೆ ತಾಮ್ರದ ತಂತಿಯ ಮೂಟೆಗೆ ನಮ್ಮ ಹುಡುಗ ಸೀಸ ಹತ್ತಿದ ತುಂಡುಗಳನ್ನು ಎಸೆದಿದ್ದ, ಎರಡು ಹಿಡಿಯಷ್ಟು. ಕುಲುಮೆಯವರು ಇಡೀ ಮೂಟೆ ವಾಪಸ್ ಕಳಿಸಿದರು. ಹಿತ್ತಲಲ್ಲಿ ಗೋಣಿ ಹಾಸಿ ಸುರುವಿಕೊಂಡು ಎರಡು ದಿನ ಆರಿಸಿದೆವು. ನಮಗೆ ಹೋದದ್ದು ದುಡ್ಡು. ನಿಮ್ಮಲ್ಲಿ ವಿಕಿರಣ ಸೋಂಕಿದ ಒಂದು ತುಂಡು ಒಳ್ಳೆಯ ಕಬ್ಬಿಣದ ರಾಶಿಗೆ ಬಿದ್ದರೆ ರಾಶಿಗೆ ರಾಶಿಯೇ ಕಸದ ಲೆಕ್ಕಕ್ಕೆ ಹೋಗುತ್ತದೆ.

ಯುಗಾದಿಗೆ ಬಂದಾಗ ನೀನೇ ಹೇಳಿದ್ದೆಯಲ್ಲ, ಸ್ಥಾವರ ಕೆಡವಿದಾಗ ಬರುವ ಕಾಂಕ್ರೀಟು, ಕಬ್ಬಿಣದಲ್ಲಿ ಹೆಚ್ಚಿನ ಪಾಲಿಗೆ ವಿಕಿರಣದ ಸೋಂಕೇ ಇರುವುದಿಲ್ಲ, ಎಷ್ಟೋ ಗೋಡೆಗಳಿಗೆ ಮೇಲಿನ ಕೆಲವು ಮಿಲಿಮೀಟರ್ ಹೆರೆದರೆ ಸಾಕು ಎಂದು. ಹಾಗಾದರೆ ಹೆರೆದ ಪುಡಿಯಷ್ಟೇ ಕಸದ ಡ್ರಮ್ಮಿಗೆ ಹೋಗಲಿ. ಆತುರಗಾರ ಗೋಡೆಯನ್ನೇ ತುಂಬಿಸುತ್ತಾನೆ. ವಿಕಿರಣದ ಜಾಗದೊಳಗೆ ಹೋಗುವ ಸಾಮಾನಿನ ರಟ್ಟು, ಪ್ಲಾಸ್ಟಿಕ್ಕನ್ನೂ ಬಾಗಿಲ ಹೊರಗೇ ಬಿಚ್ಚಿಸು. ಒಳಹೋಗದ ರಟ್ಟು ಅಲ್ಲಿಯ ಕಸವಾಗುವುದಿಲ್ಲ.

ಸೋಂಕಿದ ಕಬ್ಬಿಣ ಕರಗಿಸುವ ವಿಚಾರ ನನ್ನ ತಲೆಯಿಂದ ಹೋಗಿಯೇ ಇಲ್ಲ. ವಿಕಿರಣ ಸೂಸುವ ವಸ್ತುಗಳಲ್ಲಿ ಸೀಸಿಯಂ ಧೂಳಾಗಿ ಫಿಲ್ಟರಿಗೆ ಸಿಗುತ್ತದೆ, ಯುರೇನಿಯಂ ಕಿಟ್ಟದೊಡನೆ ಮೇಲೆ ತೇಲುತ್ತದೆ, ಕೋಬಾಲ್ಟ್-60 ಮಾತ್ರ ಕಬ್ಬಿಣದಲ್ಲೇ ಬೆರೆತು ಕೂರುತ್ತದೆ ಎಂದು ನೀನೇ ಹೇಳಿದ್ದೆ. 5.27 ವರ್ಷಕ್ಕೊಮ್ಮೆ ಅದು ಅರ್ಧವಾಗುವುದಾದರೆ 53 ವರ್ಷ ಕಾದಿಟ್ಟ ಎರಕದ ಗಟ್ಟಿಯಲ್ಲಿ ಸಾವಿರದಲ್ಲೊಂದು ಪಾಲು ಉಳಿದೀತು. ಮೊಮ್ಮಕ್ಕಳ ಕಾಲಕ್ಕೆ ಆ ಗಟ್ಟಿ ಮತ್ತೆ ಒಳ್ಳೆಯ ಕಬ್ಬಿಣವೇ. ಅದಕ್ಕೇ ಆ ಗಟ್ಟಿಯ ಮೇಲೆ ತೂಕ, ತಾರೀಕು, ಅಳತೆ ಅಳಿಯದಂತೆ ಕೆತ್ತಿಸು. ಗುರುತಿಲ್ಲದ ಸರಕನ್ನು ಮುಟ್ಟುವ ಧೈರ್ಯ ನಮ್ಮಲ್ಲೂ ಯಾರಿಗೂ ಇಲ್ಲ.

ಹೊರಗೆ ಬಿಡುವ ಕಬ್ಬಿಣದಲ್ಲಿ ಕೋಬಾಲ್ಟ್-60ಕ್ಕೆ ಗ್ರಾಮಿಗೆ 0.1 ಬೆಕೆರೆಲ್ (ವಿಕಿರಣದ ಅಳತೆ) ಎಂಬ ಮಿತಿ ಇದೆಯಂತಲ್ಲ. ಮೀರಿದ್ದನ್ನು ಒಳ್ಳೆಯದರ ಜೊತೆ ಬೆರೆಸಿ ಸರಾಸರಿ ಇಳಿಸೋಣ ಎಂದು ಎಂಥ ದೊಡ್ಡವರೇ ಹೇಳಲಿ, ಸಹಿ ಹಾಕಬೇಡ. ಕೆಲಸ ಹೋದರೆ ಮನೆಗೆ ಬಾ. ಅನ್ನಕ್ಕೆ ಕೊರತೆ ಇಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಒಂದು ವಿಶ್ವವಿದ್ಯಾಲಯದ ಹಳೆಯ ಗಾಮಾ ವಿಕಿರಣ ಯಂತ್ರ ಹರಾಜಿನಲ್ಲಿ ಬಂತು. ಒಳಗಿದ್ದ ಕೋಬಾಲ್ಟ್ ಯಾರಿಗೂ ತಿಳಿಯದೆ ಯಂತ್ರ ಬಿಚ್ಚಿದರು. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅದು ಅಣುಸ್ಥಾವರದ್ದಲ್ಲ, ಗೊತ್ತು. ಆದರೆ ಆ ಸುದ್ದಿ ಓದಿದ ದಿನ ನಾನು ಅಂಗಡಿ ತೆರೆಯಲಿಲ್ಲ. ಅವರೂ ನಮ್ಮ ಹಾಗೆ ಬರಿಗೈಯಲ್ಲಿ ಸುತ್ತಿಗೆ ಹಿಡಿಯುವವರು. ನಿನ್ನ ಗೇಟು ದಾಟಿದ ಕಬ್ಬಿಣ ಕೊನೆಗೆ ಅಂಥ ಕೈಗಳಿಗೇ ಬರುತ್ತದೆ ಮಗಳೇ.

ಒಂದು ಉಪಕಾರ ಮಾಡು. ಹಳದಿಯ ಮೇಲೆ ಮೂರು ದಳದ ಆ ವಿಕಿರಣ ಎಚ್ಚರಿಕೆಯ ಚಿಹ್ನೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸು. ನಮ್ಮ ಹುಡುಗರಿಗೆ ಓದು ಬರದಿದ್ದರೂ ಚಿತ್ರ ಗುರುತು ಹಿಡಿಯುತ್ತಾರೆ. ತಕ್ಕಡಿಯ ಮೇಲಿನ ಗೋಡೆಯಲ್ಲಿ ಜಾಗ ಖಾಲಿ ಮಾಡಿಟ್ಟಿದ್ದೇನೆ.

ಇಂತಿ ನಿನ್ನ ದೊಡ್ಡಪ್ಪ