ಕೆಸರನ್ನು ಕೆಸರಾಗಿಯೇ ಬಿಟ್ಟ ಊರು

ಸಂಪಾದಕರಿಗೆ ನಮಸ್ಕಾರ,

ನಮ್ಮದು ಕುಂದಾಪುರದ ಕಡೆ. ಈಗ ಇರುವುದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ನಿಮ್ಮ ಪತ್ರಿಕೆಯನ್ನು ದಿನಾ ಮೊಬೈಲಿನಲ್ಲಿ ಓದುತ್ತೇನೆ. ಕೆರೆ ಅಭಿವೃದ್ಧಿಯ ಸುದ್ದಿ ಬಂದಾಗಲೆಲ್ಲ ಫೋಟೋದಲ್ಲಿ ಕಾಣುವುದು ಕಲ್ಲು ಕಟ್ಟಿದ ದಡ, ಟೈಲ್ಸ್ ಹಾಕಿದ ವಾಕಿಂಗ್ ದಾರಿ. ಅದನ್ನು ನೋಡಿಯೇ ಈ ಪತ್ರ ಬರೆಯಬೇಕು ಅನ್ನಿಸಿತು.

ಆಕ್ಲೆಂಡ್ ಕಟ್ಟಿರುವುದೇ 50ಕ್ಕೂ ಹೆಚ್ಚು ಸಣ್ಣ ಜ್ವಾಲಾಮುಖಿಗಳ ಮೇಲೆ. ಅದರಲ್ಲಿ ಒಂದು ನಾರ್ತ್‌ಕೋಟ್‌ನ ಟಫ್ ಕ್ರೇಟರ್, ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ ಹೆಸರು ತೆ ಕೋಪುವಾ ಒ ಮಟಕಮೊಕಮೊ. ಬೆಟ್ಟ ಅಂದುಕೊಂಡು ಹೋದರೆ ಕಾಣುವುದು ಒಂದು ದೊಡ್ಡ ಬೋಗುಣಿ. ಕೆಳಗಿನಿಂದ ಬಂದ ಬಿಸಿ ಶಿಲಾರಸ ನೆಲದ ನೀರಿಗೆ ತಾಗಿ ಹಬೆಯಾಗಿ ಸ್ಫೋಟಗೊಂಡು ಆದ ಕುಳಿ ಅದು. ಆಮೇಲೆ ಹಿಮಯುಗ ಮುಗಿದು ಸಮುದ್ರ ಏರಿದಾಗ ಒಂದು ಕಡೆ ದಂಡೆ ಒಡೆದು ಉಪ್ಪುನೀರು ಒಳಗೆ ಬಂತು. ಈಗಲೂ ದಿನಕ್ಕೆ ಎರಡು ಸಲ ಬರುತ್ತದೆ, ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಇಂಧನದ ದೊಡ್ಡ ಟ್ಯಾಂಕುಗಳಿದ್ದವು, ಅದಕ್ಕೇ ಟ್ಯಾಂಕ್ ಫಾರ್ಮ್ ಅಂತಲೂ ಕರೆಯುತ್ತಾರೆ. ಪಕ್ಕದಲ್ಲೇ ಮೋಟರ್‌ವೇ, ವಾಹನಗಳ ಸದ್ದು ನಿಲ್ಲುವುದೇ ಇಲ್ಲ.

ಅಮ್ಮ ಊರಿನಿಂದ ಬಂದಾಗ ಮೊದಲ ಸಲ ಕರೆದುಕೊಂಡು ಹೋದೆ. ಇಳಿತದ ಹೊತ್ತು. "ಇದೆಂಥ ಕೆರೆ ಮಾರಾಯ, ನೀರೇ ಇಲ್ಲ, ಬರೀ ಕೆಸರು" ಅಂದರು. ಹತ್ತು ಹೆಜ್ಜೆ ಇಳಿದ ಮೇಲೆ ಅವರೇ ನಿಂತು, "ಅರೇ, ಇದು ನಮ್ಮ ಕಾಂಡ್ಲಾ ಅಲ್ವಾ?" ಅಂತ ಕೇಳಿದರು. ಹೌದು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೇ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಸಾವಿರಾರು ಉಸಿರುಬೇರುಗಳು, ಅವುಗಳ ನಡುವೆ ಏಡಿ ತೋಡಿದ ಸಣ್ಣ ತೂತುಗಳು, ತೂತುಗಳ ಪಕ್ಕದಲ್ಲಿ ಮೂರು ಬೆರಳಿನ ಹಕ್ಕಿ ಹೆಜ್ಜೆ. ನಮ್ಮ ಹುಂಡುಕೋಳಿಯ ಸಂಬಂಧಿಯೊಂದು ಇಲ್ಲಿ ಮೇಯುತ್ತದೆ, ಎದೆಯ ಮೇಲೆ ಪಟ್ಟೆ, ಬಹಳ ನಾಚಿಕೆಯ ಹಕ್ಕಿ. ನಾನು ನೋಡಿದ್ದಕ್ಕಿಂತ ಅದರ ಹೆಜ್ಜೆ ನೋಡಿದ್ದೇ ಜಾಸ್ತಿ.

ಈ ಜಾಗ ಸುಮ್ನೆ ಹೀಗೆ ಉಳಿದಿಲ್ಲ. ಸುತ್ತಲಿನ ಮನೆಯವರು, ಫಾರೆಸ್ಟ್ ಅಂಡ್ ಬರ್ಡ್ ಅನ್ನುವ ಪರಿಸರ ಸಂಸ್ಥೆಯ ಸ್ವಯಂಸೇವಕರು ವರ್ಷಗಟ್ಟಲೆ ಬಂದು ಕಸ ಎತ್ತಿ, ಹೊರಗಿನಿಂದ ಬಂದ ಕಳೆ ಕಿತ್ತು, ಇಲ್ಲಿಯದೇ ಗಿಡ ನೆಟ್ಟು, ಹಕ್ಕಿಯ ಮೊಟ್ಟೆ ತಿನ್ನುವ ಇಲಿಗಳಿಗೆ ಬೋನು ಇಟ್ಟಿದ್ದಾರೆ. ಒಂದು ಸಲ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಾತ್ ಪ್ಲಾಂಟ್ ಅನ್ನುವ ಬಳ್ಳಿ ಕೀಳುತ್ತಿದ್ದರು. ಅದೂ ನಮ್ಮ ಎಕ್ಕದ ಕುಟುಂಬದ್ದೇ. ಮುರಿದರೆ ಬಿಳಿ ಹಾಲು, ಕಾಯಿ ಒಡೆದರೆ ರೇಷ್ಮೆ ಜುಟ್ಟಿನ ಬೀಜ. ಅವರು ಒಂದೊಂದೇ ಕಾಯಿಯನ್ನು ಒಡೆಯದ ಹಾಗೆ ಹುಷಾರಾಗಿ ಚೀಲಕ್ಕೆ ಹಾಕುತ್ತಿದ್ದರು, ಒಂದು ಒಡೆದರೂ ಗಾಳಿಗೆ ಹಾರಿ ಎಲ್ಲೆಲ್ಲೋ ಹುಟ್ಟುತ್ತದೆ ಅಂತ. ನಾನೂ ಒಂದು ಗಂಟೆ ಕೂತು ಕಿತ್ತೆ. ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ.

ಪಕ್ಕದಲ್ಲೇ ಇನ್ನೊಂದು ಕುಳಿ ಇದೆ, ಒನೆಪೊಟೊ. ಮಾವೊರಿ ಕಥೆಯಲ್ಲಿ ಈ ಎರಡೂ ಗಂಡ ಹೆಂಡತಿಯ ಹೆಸರಿನವು. ಅಲ್ಲಿ ಸಮುದ್ರದ ನೀರು ತಡೆದು ಆಟದ ಮೈದಾನ ಮಾಡಿದ್ದಾರೆ. ಮಕ್ಕಳು ಆಡುತ್ತಾರೆ, ಚೆನ್ನಾಗಿಯೇ ಇದೆ. ಆದರೆ ಉಬ್ಬರದ ನೀರು ಬಂದು ಹೋಗುವ ಆ ಕೆಸರು ಅಲ್ಲಿ ಉಳಿದಿಲ್ಲ.

ನಮ್ಮ ಕರಾವಳಿಯ ನದಿಬಾಯಿಗಳಲ್ಲಾಗಲಿ, ಬೆಂಗಳೂರಿನ ಕೆರೆಗಳಲ್ಲಾಗಲಿ, ಅಭಿವೃದ್ಧಿ ಮಾಡುವವರಿಗೆ ನನ್ನದು ಒಂದೇ ಕೇಳಿಕೆ. ದಡವನ್ನೆಲ್ಲ ಕಲ್ಲಿನಲ್ಲಿ ಮುಚ್ಚಬೇಡಿ. ಕೆಸರು, ಹುಲ್ಲು, ಅರೆನೀರು ಇರುವ ಅಂಚನ್ನು ಹಾಗೇ ಬಿಡಿ, ಹಕ್ಕಿ ಮೇಯುವುದು ಅಲ್ಲೇ. ದಾರಿ ಬೇಕಾದರೆ ಹೊನ್ನಾವರದ ಕಾಂಡ್ಲಾ ನಡಿಗೆಯ ಹಾಗೆ ಮರದ ಹಲಗೆ ಹಾಕಬಹುದು.

ಮಕ್ಕಳನ್ನು ನೋಡಲು ಆಕ್ಲೆಂಡಿಗೆ ಬರುವ ಹಿರಿಯರು ನಿಮ್ಮ ಓದುಗರಲ್ಲೂ ಇರುತ್ತಾರೆ. ಬಂದರೆ ಇಳಿತದ ಸಮಯ ನೋಡಿಕೊಂಡು ನಾರ್ತ್‌ಕೋಟ್‌ಗೆ ಹೋಗಿ. ಹೋದವರು ಬೇಗ ಹೊರಡಬೇಡಿ, ಬೇರುಗಳ ನಡುವೆ ನೀರು ವಾಪಸ್ ಬರುವ ತನಕ ಕೂತಿರಿ. ಅಮ್ಮ ಹಾಗೇ ಕೂತಿದ್ದರು.

ಇಂತಿ,
ಒಬ್ಬ ಓದುಗ, ಆಕ್ಲೆಂಡ್